ಕೆ

ಪರೀಕ್ಷೆ ಪಾಸಾಗಿಯೇ ಬಂದವಳು ನಾನು, ಮರಿವಿಕ್,
ಇಲೊಯಿಲೊದ ಮೀನುಪೇಟೆಯ ಹಿಂದಿನ ಓಣಿಯವಳು.
ಇಲ್ಲಿ ನೊಶಿರೊದಲ್ಲಿ, ವೃದ್ಧಾಶ್ರಮದ ಎರಡನೇ ಮಹಡಿಯಲ್ಲಿ
ನನ್ನ ಜಪಾನಿ ಭಾಷೆ ಹೊಸ ಚಪ್ಪಲಿಯ ಹಾಗೆ:
ನಡೆಯುತ್ತದೆ, ಕಚ್ಚುತ್ತದೆ.

ಪಾಠದ ಧ್ವನಿಮುದ್ರಣದ ಆ ಹೆಂಗಸು ಎಷ್ಟು ಒಳ್ಳೆಯವಳು!
ಅಂಚೆಕಚೇರಿ ಎಲ್ಲಿದೆ ಎಂದು ಕೇಳಿ
ಉತ್ತರಕ್ಕೆ ಕಾಯುತ್ತಾಳೆ.
ಅವಳಿಗೆ ಹಲ್ಲಿವೆ, ಪೂರ್ತಿ ಮೂವತ್ತೆರಡು.
ನನ್ನ ಕೈಯಲ್ಲಿ ಉಣ್ಣುವವರ ಹಲ್ಲು
ರಾತ್ರಿಯೆಲ್ಲ ಲೋಟದಲ್ಲಿರುತ್ತದೆ,
ಕ್ರಿಯಾಪದದ ಬಾಲ ಗಂಟಲಲ್ಲೇ ಉಳಿಯುತ್ತದೆ.
ಬಂದರೋ ಬರಲಿಲ್ಲವೋ, ಬೇಕೋ ಬೇಡವೋ,
ಎಲ್ಲ ಇರುವುದು ಆ ಬಾಲದಲ್ಲಿ.

'ಕಿತೆ' ಅಂದರೆ ಬಾ. 'ಕಿತ್ತೆ' ಅಂದರೆ ಕತ್ತರಿಸು.
ನಡುವೆ ಒಂದು ಪುಟ್ಟ ಅಕ್ಷರ,
ಸದ್ದೇ ಇಲ್ಲದ್ದು, ಉಸಿರು ಹಿಡಿದು ದಾಟುವ ಗುಳಿ.
ಮೊದಲ ತಿಂಗಳು, ಬಾ ಎಂದವರ ಮುಂದೆ
ಕತ್ತರಿ ಹಿಡಿದು ಹೋಗಿ ನಿಂತಿದ್ದೇನೆ.

ಕುದೋ ತೊಯೊ, ತೊಂಬತ್ತಮೂರು, ಏಳನೇ ಹಾಸಿಗೆ.
ಪುಸ್ತಕದ ಮರ್ಯಾದೆಯೆಲ್ಲ ಸುರಿದು
'ದಯಮಾಡಿ ಭೋಜನ ಸ್ವೀಕರಿಸುವಿರಾ' ಎಂಬಷ್ಟುದ್ದದ ವಾಕ್ಯವನ್ನು
ಮಡಿಸದೆ ಮುಕ್ಕಾಗಿಸದೆ ಅವರೆದುರು ಇಟ್ಟರೆ
ಅವರು ಹೇಳುವುದು ಇಷ್ಟೇ: "ಕೆ."

ಕೆ ಅಂದರೆ ತಿನ್ನು.
ಕೆ ಅಂದರೆ ತುರಿಕೆ.
ಕೆ ಅಂದರೆ ಕೊಡು, ಕೆ ಅಂದರೆ ಬಾ.
"ಈ ಚಳಿಯಲ್ಲಿ ಬಾಯಿ ಜಾಸ್ತಿ ತೆರೆದರೆ ಹಿಮ ಒಳಹೋಗುತ್ತೆ,"
ಅಡುಗೆಮನೆಯ ಮಿಕಾಮಿ ನಗುತ್ತಾನೆ.
ತುರಿಕೆ ಅಂದಾಗ ಗಂಜಿ ತಂದೆ.
ಗಂಜಿ ಕೊಡು ಅಂದಾಗ ಬೆನ್ನು ಕೆರೆದೆ.

ಓದಿನದು ಬೇರೆಯೇ ಗೋಳು.
ಅಚ್ಚಿನ ಅಕ್ಷರಕ್ಕೆ ನನ್ನ ಗುರುತುಂಟು,
ಹತಕೆಯಮ ಸಿಸ್ಟರ್ ಕೈಬರಹಕ್ಕೆ ಇಲ್ಲ.
ಪಾಳಿಯ ನೋಟ್‌ಬುಕ್ಕಿನಲ್ಲಿ ಅವರು
ಹನ್ನೆರಡು ಗೆರೆಯ ಅಕ್ಷರವನ್ನು ಮೂರು ಗೀಟಲ್ಲಿ ಮುಗಿಸುತ್ತಾರೆ,
ಬಸ್ಸು ಹಿಡಿಯುವವರ ಅವಸರ.

ರಾತ್ರಿಪಾಳಿಯಲ್ಲಿ, ಹೊರಗೆ ಹಿಮ ತೆಗೆಯುವ ಲಾರಿ ಗುರುಗುಡುವಾಗ,
ಹಳೆಯ ನೋಟ್‌ಬುಕ್ಕುಗಳನ್ನು ಕಪಾಟಿನಿಂದ ಇಳಿಸಿ ಓದಿದೆ,
ನಿಘಂಟು ಮುಚ್ಚಿಟ್ಟು, ತಿಳಿಯದ್ದನ್ನು ದಾಟಿ,
ಮುಂದೆಲ್ಲಾದರೂ ಮತ್ತೆ ಸಿಗುತ್ತೀಯಲ್ಲ ಎಂದು.
'ಗಂಜಿ ಪೂರ್ತಿ.' 'ಗಂಜಿ ಅರ್ಧ.' 'ಸ್ನಾನ ಬೇಡವೆಂದರು.'
'ಸ್ನಾನ ಬೇಡವೆಂದರು.' 'ಕಿಟಕಿಯ ಬಳಿ ಹಾಡಿದರು.'
ನುಂಗಿದ್ದು ದಾರಿತಪ್ಪಿ ಶ್ವಾಸಕ್ಕೆ ಇಳಿಯುವುದಕ್ಕೆ ಒಂದು ಪದವಿದೆ,
ಕಗ್ಗಂಟು; ಹದಿನಾಲ್ಕನೇ ಸಲ ಕಂಡಾಗ
ತಾನೇ ಬಾಯಿಬಿಟ್ಟಿತು: ಗೊಎನ್.
ಮೂರು ವರ್ಷದ ತೊಯೊ, ದಿನಕ್ಕೆರಡು ಸಾಲು.
ಜಪಾನಿಯಲ್ಲಿ ನಾನೋದಿದ ಮೊದಲ ಕಾದಂಬರಿ ಅದು.
ನಾಯಕಿ ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದಳು.

ಕಿವಿ ಯಾವತ್ತು ತೆರೆಯಿತೋ ಹೇಳಲಾರೆ.
ಒಂದು ಸಂಜೆ ಟೀವಿಯಲ್ಲಿ ಸುಮೊ. ಗದ್ದಲ ಗದ್ದಲವಾಗಿಯೇ ಇತ್ತು,
ನಡುವೆ 'ಕಾಲು ಹೊರಗೆ ಬಿತ್ತು' ಎಂಬುದು ನೆಟ್ಟಗೆ ಬಂದು ತಾಗಿ
ಎಲ್ಲರಿಗಿಂತ ಮೊದಲು ಅಯ್ಯೋ ಅಂದವಳು ನಾನು.
ಯಾರೂ ತಿರುಗಿ ನೋಡಲಿಲ್ಲ.

ಫೆಬ್ರವರಿ. ರಾತ್ರಿ ಮೂರು. ಏಳನೇ ಹಾಸಿಗೆಯ ಕರೆಗಂಟೆ.
"ಕೆ."
ಗಂಜಿಯ ಹೊತ್ತಲ್ಲ. ಕೈ ಬೆನ್ನಿಗೆ ಹೋಗಿಲ್ಲ.
ದನಿ ಕೊಂಚ ಇಳಿದು, ಅಲ್ಲೇ ನಿಂತಿದೆ.
ಕುರ್ಚಿ ಎಳೆದು ಹತ್ತಿರ ಕೂತೆ.
ನಿಲುವಂಗಿಯ ಜೇಬಿನಿಂದ ಒಂದು ಕಿತ್ತಳೆಯ ತೊಳೆ,
ಎಂದಿನದೋ, ಒಣಗಿ ನೂಲು ಅಂಟಿದ್ದು,
ನನ್ನ ಅಂಗೈಗೆ ಒತ್ತಿ, ಮತ್ತೆ: "ಕೆ."
ತಿಂದೆ.

ನೋಟ್‌ಬುಕ್ಕಿನಲ್ಲಿ ಬರೆದೆ:
'ಮೂರು ಹತ್ತು. ಕರೆದರು. ಜೊತೆಗೆ ಕೂತೆ. ನಿದ್ದೆ.'
ಕಿತ್ತಳೆಯ ಸುದ್ದಿ ಬರೆಯಲಿಲ್ಲ.

ಬೆಳಗ್ಗೆ ಹತಕೆಯಮ ಕನ್ನಡಕ ಹಣೆಗೇರಿಸಿ,
ಪುಟವನ್ನು ದೂರ ಹಿಡಿದು, ಹತ್ತಿರ ಹಿಡಿದು,
"ಇದೇನಮ್ಮ ಮರಿವಿಕ್, ನಿನ್ನ ಅಕ್ಷರ ಓದೋಕೇ ಬರಲ್ಲ!"
ನೋಡಿದೆ. ಹೌದು, ಹನ್ನೆರಡು ಗೆರೆ, ಮೂರೇ ಗೀಟು.
ನನ್ನ ಬಸ್ಸಿಗೆ ಇನ್ನೂ ಹೊತ್ತಿತ್ತು.