ಕಾಲು ಮಾತ್ರೆ

ತೀರ್ಥಹಳ್ಳಿಯ ಹುಡುಗಿಯ ತಾಯಿ ಫೋನಿನಲ್ಲಿ ಕೇಳಿದ್ದರು:
'ಅಪ್ಪನ ಫೋಟೋ ಬಂದಿದೆ, ಹುಡುಗನದು ಯಾವಾಗ?'
ಅಲ್ಲಿಂದ ಶುರು.

ಐದು ಮಿಲಿಗ್ರಾಮಿನದು ಮುದುಕರ ಗುಳಿಗೆ,
ಉಚ್ಚೆ ಕಟ್ಟಿದವರದು.
ನಾಲ್ಕು ಹೋಳು ಮಾಡಿದರೆ ಕೂದಲಿಗಾಗುತ್ತೆ, ಕಾಸೂ ಉಳಿಯುತ್ತೆ
ಎಂದವನು ದುರ್ಗಿಗುಡಿ ಮೆಡಿಕಲ್ಲಿನ ಸುಧೀಂದ್ರ.
ಚೀಟಿ ಅವನು ಕೇಳಲಿಲ್ಲ, ನಾನು ಕೊಡಲಿಲ್ಲ.

ಅಜ್ಜಿಯ ಅಡಕತ್ತರಿ ಇತ್ತು.
ಅಜ್ಜಿ ಹೋಗಿ ಆರು ವರ್ಷ, ಅದರ ಬಾಯಿ ಇನ್ನೂ ಹರಿತ.
ಭಾನುವಾರ ಅಡುಗೆಕಟ್ಟೆಯ ಮೇಲೆ ಚಟ್, ಚಟ್.
ಒಂದು ಹೋಳು ದೊಡ್ಡದು, ಒಂದು ಸಣ್ಣದು,
ಒಂದು ಹಾರಿ ಸ್ಟೋವಿನಡಿಗೆ.
ನೀಲಿ ಪುಡಿಯನ್ನು ಉಫ್ ಎಂದು ಊದುತ್ತಿದ್ದೆ.
ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಿದವನಲ್ಲ.

ಜೊತೆಗೆ ನೆತ್ತಿಗೆ ಸೀಸೆಯ ನೀರು, ಎರಡು ಹೊತ್ತು.
ಮೊದಲ ತಿಂಗಳು ಇದ್ದದ್ದೂ ಉದುರಿ
ಬಚ್ಚಲ ತೂತಿನಲ್ಲಿ ಇಲಿಮರಿಯಷ್ಟು ಉಂಡೆ.
'ಹಳೇದು ಹೋದ್ರೆ ತಾನೆ ಹೊಸದು' ಅಂದ ಸುಧೀಂದ್ರ,
ಸಾವಿನ ಮನೆಯಲ್ಲಿ ಹೇಳುವ ಹಾಗೆ.
ನೆತ್ತಿ ತುರಿಸಿತು. ಡಿಪೋ ಮೆಟ್ಟಿಲು ಹತ್ತಿದರೆ
ಎದೆಯೊಳಗೆ ಹಳೇ ಡೀಸೆಲ್ ಎಂಜಿನ್ನು.
ಇನ್ನೊಂದು ಸಂಗತಿ, ಹೇಗೆ ಹೇಳಲಿ,
ಬೆಳಗಿನ ಜಾವ ನನಗಿಂತ ಮುಂಚೆ ಏಳುವವನೊಬ್ಬ
ನನ್ನ ಜೊತೆಗೇ ಇದ್ದ.
ಈಗ ಮಲಗೇ ಇರುತ್ತಾನೆ.

ನೂರಕ್ಕೆ ಒಬ್ಬಿಬ್ಬರಿಗೆ ಹಾಗಾಗುತ್ತದಂತೆ.
ದಿನಕ್ಕೆ ಐನೂರು ಟಿಕೆಟ್ ಹರಿಯುವವನು ನಾನು,
ಆ ಒಬ್ಬಿಬ್ಬರಲ್ಲಿ ನಾನಿದ್ದೇನೋ ಇಲ್ಲವೋ ತಿಳಿಯಲಿಲ್ಲ.
ಮಾತ್ರೆಯೋ, ಭಯವೋ,
ಹೊಸನಗರದ ನೈಟ್ ಹಾಲ್ಟಿನ ಸೊಳ್ಳೆಯೋ.

ಮೇನಲ್ಲಿ ತಂಗಿ ಚಂದ್ರಿಕ ಬಂದಳು, ಏಳು ತಿಂಗಳು.
ಸೋಮವಾರ ಕಟ್ಟೆ ಒರೆಸುತ್ತ ಬೆರಳು ತೋರಿಸಿದಳು:
'ಏನೋ ಇದು ನೀಲಿ, ರಂಗೋಲಿ ಪುಡಿನಾ?'
ಅದೇ ಕೈಯಲ್ಲಿ ಸೌತೆಕಾಯಿ ಹೆಚ್ಚಿ
ನನಗೂ ಒಂದು ಹೋಳು ಕೊಟ್ಟಳು.

ಆ ರಾತ್ರಿ ಮೊದಲ ಸಲ ಡಬ್ಬಿಯೊಳಗಿನ ಕಾಗದ ಬಿಡಿಸಿದೆ.
ಇರುವೆ ಸಾಲಿನಂಥ ಅಕ್ಷರ.
ಒಡೆದ ಮಾತ್ರೆ ಬಸುರಿ ಮುಟ್ಟಬಾರದು,
ಹೊಟ್ಟೆಯಲ್ಲಿರುವುದು ಗಂಡಾದರೆ ಅಪಾಯ.
ಗಂಡೋ ಹೆಣ್ಣೋ ಸ್ಕ್ಯಾನಿಂಗಿನವರು ಹೇಳುವಂತಿಲ್ಲ.
ಅಮ್ಮ ದೇವರ ಮುಂದೆ ಗಂಡು ಬೇಡುತ್ತಿದ್ದಳು.
ನಾನು ಬಚ್ಚಲಲ್ಲಿ ನಿಂತು, ನಲ್ಲಿ ಬಿಟ್ಟುಕೊಂಡು,
ಹೆಣ್ಣಾಗಲಿ, ಹೆಣ್ಣಾಗಲಿ.

ಡಾಕ್ಟರಮ್ಮ ಬೈದರು, ಆಮೇಲೆ ಸಮಾಧಾನ ಹೇಳಿದರು:
'ಏಳನೇ ತಿಂಗಳು, ಚಿಟಿಕೆ ಪುಡಿ, ಹೆದರಬೇಡ.
ಇನ್ನು ಮುಟ್ಟಿಸಬೇಡ.
ನಿನಗೆ ಬರೆದುಕೊಟ್ಟವರು ಯಾರು?'
ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.
ಅವತ್ತೇ ನಿಲ್ಲಿಸಬೇಕಿತ್ತು.
ನೆತ್ತಿಯಲ್ಲಿ ಆಗತಾನೇ ಹಸಿ ಗರಿಕೆಯಂತೆ ಏನೋ ಕಂಡಿತ್ತು.
ಅಡುಗೆಕಟ್ಟೆ ಬಿಟ್ಟು ಮಹಡಿಗೆ ಹೋದೆ.

ಜುಲೈ, ಮೆಗ್ಗಾನ್ ಆಸ್ಪತ್ರೆ, ರಾತ್ರಿ ಎರಡು ಗಂಟೆ.
'ರಕ್ತ ಹೋಗಿದೆ. ಯಾರದ್ರೂ ಕೊಡ್ತೀರಾ?'
ನಂದೂ ಅವಳದ್ದೂ ಒಂದೇ ಗುಂಪು. ತೋಳು ಮಡಚಿ ಕೂತೆ.
ಫಾರಮ್ಮಿನಲ್ಲಿ ಒಂದು ಗೆರೆ: ಏನಾದರೂ ಮಾತ್ರೆ?
'ಇಲ್ಲ' ಎಂದು ಬರೆದೆ. ಹೊಡೆದು ಹಾಕಿದೆ.
ಹುಡುಗ ಓದಿ ಪೆನ್ನು ಕೆಳಗಿಟ್ಟ:
'ಬಿಟ್ಟು ಒಂದು ತಿಂಗಳು ಆಗ್ಬೇಕು ಸಾರ್.
ನಿಮ್ಮ ಬಾಟ್ಲಿ ಯಾವ ಬಸುರಿಗೆ ಹೋಗುತ್ತೋ ಯಾರಿಗ್ಗೊತ್ತು.'

ಡ್ರೈವರ್ ಗುತ್ಯಪ್ಪನಿಗೆ ಫೋನು ಮಾಡಿದೆ.
ಬನಿಯನ್ನಿನಲ್ಲೇ ಬಂದ,
ಟ್ಯೂಬ್‌ಲೈಟಿಗೆ ಹೊಳೆಯುವ ಬುರುಡೆ.
ಸೂಜಿ ಚುಚ್ಚಿದಾಗ ನನ್ನ ಕಡೆ ತಿರುಗಿ
'ತಲೆಗೆ ಏನ್ ಹಚ್ತೀಯೋ? ಚಿಗುರ್ದಂಗಿದೆ' ಅಂದ.
ನನಗೆ ಅಳು ಬಂತು. ಅವನು ರಕ್ತ ನೋಡಿ ಅಂದುಕೊಂಡ.

ಗಂಡುಮಗು.
ಎಲ್ಲರೂ ಮುಖ ನೋಡಿದರು,
ಮೂಗು ಯಾರದ್ದು, ಗಲ್ಲ ಯಾರದ್ದು.
ನಾನು ಬಟ್ಟೆ ಸರಿಸಿ ಕೆಳಗೆ ನೋಡಿದೆ.
'ಗಂಡೇ ಕಣೋ, ನಂಬಿಕೆ ಇಲ್ವಾ?' ಅಮ್ಮ ನಕ್ಕಳು.
ಎಲ್ಲ ಇದ್ದಲ್ಲೇ ಇತ್ತು.
ಅಷ್ಟರಲ್ಲಿ ನನ್ನ ಅಂಗಿಯ ಮೇಲೆ ಉಚ್ಚೆ ಹೊಯ್ದ.

ವಿಕ್ಸ್ ಡಬ್ಬಿಯಲ್ಲಿ ಇನ್ನೂ ಏಳು ಹೋಳಿವೆ.
ಬಿಟ್ಟರೆ ಬಂದದ್ದೂ ಹೋಗುತ್ತದಂತೆ.
ಎಸೆಯೋಣವೆಂದು ತುಂಗೆಯ ಸೇತುವೆ ಮೇಲೆ ನಿಂತೆ,
ಕೆಳಗೆ ಮೀನು.
ಕಸದ ಬುಟ್ಟಿಗೆ ಹಾಕೋಣವೆಂದರೆ
ಬೆಳಿಗ್ಗೆ ಗಾಡಿಯ ಹಿಂದೆ ಕೈಯಿಂದ ಕಸ ಆರಿಸುವವಳು
ಆರು ತಿಂಗಳ ಬಸುರಿ.
ಡಬ್ಬಿ ಇನ್ನೂ ಜೇಬಲ್ಲಿದೆ,
ಚಿಲ್ಲರೆಯ ಜೊತೆ ಸದ್ದು ಮಾಡುತ್ತ.