ಒಂದು ಗೇಣು ಟೇಪು

ಸಿದ್ದಾಪುರದ ಸಂತೆಯಲ್ಲಿ ಈಗ ಎಲ್ಲರೂ ಗುನುಗುವ
ಆ ಹಾಡಿನ ನಡುವೆ
ಒಂದು ಕಡೆ ಮಾತಿಲ್ಲ, ಕೇಳಿದ್ದೀರಲ್ಲ?
'ಸೇತುವೆ ದಾಟಿದ ಮೇಲೆ ಹಿಂದೆ ನೋಡಬೇಡ'
ಆದ ಕೂಡಲೆ ಬರೀ ಮ್ಂ... ಮ್ಂ... ಮ್ಂ...
ಅಲ್ಲಿದ್ದ ಸಾಲನ್ನು ಕತ್ತರಿಸಿದವನು ನಾನು.

ತಪ್ಪೊಪ್ಪಿಗೆಯಲ್ಲ. ರಿಪೇರಿಯವನ ಲೆಕ್ಕ.

ತೊಂಬತ್ತನಾಲ್ಕರ ಡಿಸೆಂಬರು, ಪುತ್ತರಿಗೆ ಇನ್ನೂ ವಾರವಿತ್ತು.
ಮೊಯ್ದು ತನ್ನ ಜೀಪಿನ ಪ್ಲೇಯರು ಕಿತ್ತು ತಂದು
ಗಾಜಿನ ಮೇಲಿಟ್ಟ, ಬಾಯಿ ತುಂಬ ಎಲೆಯಡಿಕೆ:
'ಕ್ಯಾಸೆಟ್ಟು ನುಂಗಿದೆ, ಹೊಟ್ಟೆ ಕುಯ್ದು ತೆಗಿ.'
ತೆಗೆದೆ. ನೂಪುಟ್ಟಿನ ಹಾಗೆ ಮುದ್ದೆ.
ಸುಕ್ಕಾದದ್ದು ಒಂದು ಗೇಣು, ಬ್ಲೇಡಿಗೆ ಹೋಯಿತು.
ತಾಳ ತಪ್ಪಬಾರದೆಂದು
ಅಷ್ಟೇ ಉದ್ದದ ಖಾಲಿ ಟೇಪು ಅಳೆದು ಸೇರಿಸಿದೆ
(ಯಾರೂ ಕೇಳಿರಲಿಲ್ಲ, ನನ್ನದೇ ಖಯಾಲಿ),
ಅಂಟಿಸಿ, ಉಗುರಿನಲ್ಲಿ ಉಜ್ಜಿದೆ. ಟೇಪಿಗೆ ತೇಪೆ.
ಬೆಲ್ಟು ಹರಿದಿತ್ತು; ಹೊಸದು ಮೈಸೂರಿನಿಂದ ಬರಬೇಕು.
ಔಷಧಿ ಅಂಗಡಿಯ ರಬ್ಬರ್ ಬ್ಯಾಂಡು ಹಾಕಿ ಕೊಟ್ಟೆ.
ಹದಿನೈದು ರೂಪಾಯಿ. ಹತ್ತು ಕೊಟ್ಟ.

ಹಾಡು ಮೊದಲು ಕುಣಿಯುವ ಹಾಡಾಗಿತ್ತು.
ಎಂಬತ್ತಾರರಲ್ಲಿ ವಿರಾಜಪೇಟೆಯ ಎವ್ಲಿನ್ ಲೋಬೊ,
ಒಂದು ಗಿಟಾರು, ಎರಡು ಬೊಂಗೊ, ಮಂಗಳೂರಿನ ಬಾಡಿಗೆ ಸ್ಟುಡಿಯೋ.
ಮುನ್ನೂರು ಮಾಡಿಸಿ ನಲವತ್ತು ಮಾರಿದರು,
ಉಳಿದದ್ದು ಸಿಕ್ಕಸಿಕ್ಕ ಮದುವೆಗೆ ಉಡುಗೊರೆ.
ನನ್ನ ರಬ್ಬರ್ ಬ್ಯಾಂಡಿನ ಮೇಲೆ ಅದು
ಗಬ್ಬದ ಆನೆಯ ಹಾಗೆ ಹೆಜ್ಜೆ ಎತ್ತಿಡತೊಡಗಿತು.
ಹೆಣ್ಣಿನ ದನಿ ಇಳಿದು ಇಳಿದು ಗಂಡಾಯಿತು.

ಜೀಪಿನ ಹಿಂದೆ ಕಾಫಿ ಚೀಲಗಳ ಮೇಲೆ
ಕುಯ್ಲಿನವರ ಮಕ್ಕಳ ನಡುವೆ ಕರ್ಪ, ಎಂಟು ವರ್ಷ.
ಹಾಡಿಯಿಂದ ತೋಟಕ್ಕೆ, ತೋಟದಿಂದ ಹಾಡಿಗೆ,
ಮೊಯ್ದುವಿನ ಹತ್ತಿರ ಇದ್ದದ್ದು ಅದೊಂದೇ ಕ್ಯಾಸೆಟ್ಟು.
ಯಾರೋ ಮುದುಕ ಮಂಜಿನಲ್ಲಿ ಕೂತು ಹಾಡಿದ್ದಾನೆ
ಅಂದುಕೊಂಡಿದ್ದನಂತೆ.
ಖಾಲಿ ಜಾಗ ಬಂದರೆ ಮಕ್ಕಳು ಬಿಡುತ್ತವೆಯೆ?
ಚಕ್ರ ಗುಂಡಿಗೆ ಇಳಿದ ಕುಲುಕಿಗೆ
ಎಲ್ಲ ಒಟ್ಟಿಗೆ ಮ್ಂ ಎಂದವು.

ಇಪ್ಪತ್ತೆರಡು ವರ್ಷ. ಮೊಯ್ದು ತೀರಿಕೊಂಡ,
ಜೀಪು ಗುಜರಿಗೆ ಹೋಯಿತು.
ಕಾಫಿ ಹರವಿದ ಕಣದಲ್ಲಿ ಒಂದು ಮಧ್ಯಾಹ್ನ
ಅಜ್ಜನ ದುಡಿ ಬಡಿಯುತ್ತ ಕರ್ಪ ಹಾಡಿದ್ದನ್ನು
ತೋಟದ ರೈಟರ ಮಗಳು ಫೋನಿನಲ್ಲಿ ಹಿಡಿದಳು.
ಮುಂದಿನದು ನಿಮಗೇ ಗೊತ್ತು.
ಗೋಣಿಕೊಪ್ಪದ ಮದುವೆ ಮಂಟಪದಲ್ಲಿ ಮೂರು ಸಲ ಹಾಕಿಸುತ್ತಾರೆ.
ತಿಳಿದವರು ಬರೆದರು: ಅದು ಕಾಡಿನ ಮೌನ,
ಒಕ್ಕಲೆಬ್ಬಿಸಿದವರ ಗಂಟಲಲ್ಲಿ ಸಿಕ್ಕಿದ ಮಾತು.
ಇರಬಹುದು. ಇಲ್ಲವೆನ್ನಲು ನಾನ್ಯಾರು?
ಕರ್ಪ ಮಾತ್ರ 'ಅಲ್ಲಿ ಹಾಗೇ ಇತ್ತು' ಎಂದ.

ಕಳೆದ ತಿಂಗಳು ಎವ್ಲಿನ್ ಟೀಚರು ಮಿಕ್ಸಿ ತಂದರು,
ಜಾರಿನ ಬುಷ್ ಹೋಗಿತ್ತು.
ಕರ್ಪ ಮನೆ ಹುಡುಕಿಕೊಂಡು ಬಂದಿದ್ದನಂತೆ,
ಒಂದು ಚೀಲ ಕಿತ್ತಳೆ, ಒಂದು ಚೆಕ್ಕು.
'ಬಾಗಿಲಲ್ಲೇ ನಿಂತುಬಿಟ್ಟ. ನೀವು ಗಂಡಸಲ್ಲವಾ ಅಂದ!'
ನಕ್ಕರು. ನಗು ಮುಗಿಯುವ ಮೊದಲೇ
ಬ್ಲೇಡಿನ ಕಥೆ ಹೇಳಿ ಮುಗಿಸಿದೆ.

ಕನ್ನಡಕದ ಮೇಲಿಂದ ನೋಡಿದರು.
'ಸೇತುವೆ ಆದಮೇಲಿನ ಸಾಲಾ?
ಅಯ್ಯೋ, ಅದು ಕೆಟ್ಟ ಸಾಲು ಮಾರಾಯ,
ಪ್ರಾಸಕ್ಕೆಂದು ತುರುಕಿದ್ದೆ.'
'ಏನಿತ್ತು ಟೀಚರೇ?'
ಕಣ್ಣು ಮುಚ್ಚಿದರು. ಬೆರಳು ಗಾಜಿನ ಮೇಲೆ ತಾಳ ಹಿಡಿಯಿತು,
ಅವರ ಹಳೆಯ ತಾಳವಲ್ಲ, ರಬ್ಬರ್ ಬ್ಯಾಂಡಿನದು.
'...ಹಿಂದೆ ನೋಡಬೇಡ'
ತುಟಿ ತೆರೆದರು. ಸ್ಕ್ರೂಡ್ರೈವರು ಕೆಳಗಿಟ್ಟು ಕಾದೆ.
ಮ್ಂ... ಮ್ಂ...
ಬರೆದವರಿಗೂ ಅಷ್ಟೇ ಬಂತು.

ಕತ್ತರಿಸಿದ ತುಂಡನ್ನು ಅವತ್ತೇ ಅಮ್ಮತ್ತಿಯ ಭಾವ ಒಯ್ದಿದ್ದ,
ಗಿಳಿ ಹೆದರಿಸಲು ಗದ್ದೆಯ ಕೋಲಿಗೆ ಕಟ್ಟುತ್ತೇನೆಂದು.
ಬಿಸಿಲಿಗೆ ಮಿಂಚುತ್ತ, ಗಾಳಿಗೆ ವಿರ್ರೆನ್ನುತ್ತ
ಇಡೀ ಸಾಲು ಅಲ್ಲಿ ಒಂದು ವಾರ ಇತ್ತು.
'ಬಂದವು, ಕೂತವು, ತಿಂದು ಹೋದವು' ಎಂದಿದ್ದ ಭಾವ.