ಅಡುಗೆಯವ ಹೇಳಿದ್ದು

ಎಡಿನ್‌ಬರೋ, ನವೆಂಬರ್. ನಾಲ್ಕಕ್ಕೇ ಕತ್ತಲು.
ಇವತ್ತಿನ ಮೂವತ್ತೊಂದನೆಯ ಹಾಳೆ:
ಲಿಪ್ಪಿಯಾ ಜಾವಾನಿಕಾ. ಜಾವಾ ಕಂಡದ್ದೇ ಇಲ್ಲ ಈ ಗಿಡ,
ಯಾರೋ ತಪ್ಪಿ ಇಟ್ಟ ಹೆಸರು;
ಇಟ್ಟ ಮೇಲೆ ಇಟ್ಟದ್ದೇ.

ಪೊದೆ. ಆಳೆತ್ತರ. ಎಲೆ ಎದುರುಬದುರು,
ಬೆಕ್ಕಿನ ನಾಲಗೆಯಷ್ಟು ಒರಟು.
ಹೂ ಬಿಳಿ ಎನ್ನುತ್ತದೆ ಚೀಟಿ,
ನನ್ನ ಕಣ್ಣಿಗೆ ಎಲ್ಲವೂ ಚಹಾದ ಚರಟ.
ಕೊಯ್ದವರು ಟಿ. ಆರ್. ಪೆನ್‌ಹಾಲೋ, ೧೯೩೧,
ಝೋಂಬಾ ಬೆಟ್ಟದ ಇಳಿಜಾರು, ತೊರೆಯ ಬಲದಂಡೆ.
ಸ್ಥಳೀಯ ಹೆಸರು ಇರಬೇಕಾದಲ್ಲಿ
ಒಂದು ಪ್ರಶ್ನಾರ್ಥಕ ಚಿಹ್ನೆ.
ಅದರ ಕೆಳಗೆ ಪೆನ್ಸಿಲ್ಲಿನಲ್ಲಿ, ಸಣ್ಣಗೆ:
'ಕೆಮ್ಮಿಗೆ ಕುದಿಸಿ ಕುಡಿಯುತ್ತಾರೆ, ಅಡುಗೆಯವ ಹೇಳಿದ.
ಘಾಟು ಜೋರು.'

ಘಾಟು ಜೋರು!
ತೊಂಬತ್ತು ವರ್ಷದ ಮೇಲೆ ಮೂಗು ತಗ್ಗಿಸಿದೆ.
ಅಂಟು, ಹಳೇ ಕಾಗದ, ಹುಳಕ್ಕೆಂದು ಬಳಿದ ವಿಷ.
ಉದುರಿದ್ದಕ್ಕೆಂದು ಮೂಲೆಯಲ್ಲೊಂದು ಮಡಚಿದ ಲಕೋಟೆ.
ಬಿಡಿಸಿದೆ.
ದವನವಲ್ಲ, ಮರುಗವಲ್ಲ, ಪಚ್ಚೆತೆನೆಯೂ ಅಲ್ಲ,
ಮೂರಕ್ಕೂ ದಾಯಾದಿ ಯಾರೋ
ಬಾಗಿಲ ಮುಂದೆ ಹಾದುಹೋದ ಹಾಗೆ.
ಅಷ್ಟೇ. ಎರಡನೇ ಸಲ ಸಿಗಲಿಲ್ಲ.

'ಐಲ್ಸಾ, ವಾಸನೆಯನ್ನು ಎಲ್ಲಿ ಹಾಕಲಿ?'
'ಅದಕ್ಕೆ ಕಾಲಂ ಇಲ್ಲ. ಷರಾದಲ್ಲಿ ಹಾಕು.'
'ಅಡುಗೆಯವನನ್ನು?'
ಕನ್ನಡಕ ಒರೆಸಿಕೊಂಡಳು. 'ಹೆಸರಿದೆಯಾ?'

ಸೌದೆ ಮುರಿಯುತ್ತ ಹೇಳಿರುತ್ತಾನೆ ಅವನು
ಗಿಡದ ಹೆಸರನ್ನೂ, ಬಿಡಿಸಿ ಬಿಡಿಸಿ, ಎರಡು ಸಲ.
ದೊರೆಯ ಕಿವಿಗೆ ದಕ್ಕಿದ್ದು ಆ ಕೊಕ್ಕೆ ಮಾತ್ರ.
ಅವನದನ್ನು ಕೇಳಿದಂತೆಯೇ ಇಲ್ಲ.

ಷರಾ: ಘಾಟು ಜೋರು. ಕೆಮ್ಮಿಗೆ. ಅಡುಗೆಯವ ಹೇಳಿದ.
'ಉಳಿಸು' ಒತ್ತಿದೆ.

ಇನ್ವರ್ಲೀತ್‌ನಿಂದ ಪೇಟೆಯವರೆಗೂ
ಬಸ್ಸಿನ ಹಿಂದಿನ ಸೀಟಿನಲ್ಲಿ ಯಾರೋ ಕೆಮ್ಮುತ್ತಲೇ ಇದ್ದರು.